ಐದು ದೇಶ, ಮೂರು ಫೋನ್, ಒಬ್ಬರು ಅತ್ತೆ: ಇಂಟರ್ನೆಟ್‌ಗೆ ಏನು ಮಾಡುವುದು?
(ಆನ್‌ಲೈನ್ ಚರ್ಚೆಯೊಂದರ ಮಾತುಕತೆ. ಪ್ರತಿ ಮಾತಿನ ಮೇಲಿರುವುದು ಬರೆದವರು ಇಟ್ಟುಕೊಂಡ ಹೆಸರು.)

ಕಾಪು ದೀಪಸ್ತಂಭ
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾನು, ಯಜಮಾನರು ಮತ್ತು ಅತ್ತೆ ಮೂವರೂ ಹೊರಡುತ್ತಿದ್ದೇವೆ. ಮಂಗಳೂರಿನಿಂದ ಅಬುಧಾಬಿ, ಅಲ್ಲಿ ಮೈದುನನ ಮನೆಯಲ್ಲಿ ನಾಲ್ಕು ದಿನ. ಆಮೇಲೆ ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಟಲಿ, ಕೊನೆಗೆ ಮಗಳು ಓದುತ್ತಿರುವ ಲಂಡನ್. ಒಟ್ಟು 22 ದಿನ.

ಟಿಕೆಟ್ ಆಯಿತು, ಎರಡೂ ವೀಸಾ ಕೈಗೆ ಬಂತು. ಈಗ ತಲೆ ತಿನ್ನುತ್ತಿರುವುದು ಇಂಟರ್ನೆಟ್. ನಮ್ಮ ಈಗಿನ ಸಿಮ್‌ಗೇ ಹೊರದೇಶದಲ್ಲೂ ನಡೆಯುವ ರೋಮಿಂಗ್ ಪ್ಯಾಕ್ ಹಾಕಿಸೋಣ ಎಂದು ಮೂರು ಫೋನಿನ ಲೆಕ್ಕ ಕೂಡಿಸಿದರೆ, ಯಜಮಾನರು ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡು ಸುಮ್ಮನೆ ಎದ್ದು ಹೋದರು. ಟಿಕೆಟ್ ಮಾಡಿಸಿಕೊಟ್ಟ ಏಜೆಂಟರು “ಯುರೋಪ್ ಸಿಮ್ ನಮ್ಮಲ್ಲೇ ಉಂಟು, ಮೂರು ತೆಗೆದುಕೊಳ್ಳಿ” ಎನ್ನುತ್ತಾರೆ. ಯಾವ ಯಾವ ದೇಶದಲ್ಲಿ ನಡೆಯುತ್ತದೆ ಎಂದು ಕೇಳಿದರೆ “ಎಲ್ಲ ಕಡೆ ಮೇಡಂ” ಎಂಬ ಉತ್ತರ.

ನಮಗೆ ಬೇಕಿರುವುದು ನಕ್ಷೆ, ವಾಟ್ಸ್‌ಆಪ್, ಬ್ಯಾಂಕಿನ ಒಟಿಪಿ. ಅತ್ತೆಗೆ ಮಾತ್ರ ದಿನಾ ಕಾರ್ಕಳದ ಮಗಳೊಂದಿಗೆ ವಿಡಿಯೊ ಕರೆ ಆಗಲೇಬೇಕು. ದನ ಮೇವು ತಿಂದಿತೇ, ಬಾವಿಯ ಪಂಪು ಸರಿಯಾಯಿತೇ ಎಂಬುದನ್ನೆಲ್ಲ ಕಣ್ಣಾರೆ ನೋಡದಿದ್ದರೆ ಅವರಿಗೆ ಚಹಾ ಇಳಿಯುವುದಿಲ್ಲ. ಅನುಭವ ಇದ್ದವರು ದಾರಿ ತೋರಿಸಿ.

ಹಂಪನಕಟ್ಟೆ ಸರ್ಕಲ್
ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಹೋಟೆಲಿನಲ್ಲಿ ವೈಫೈ, ರೈಲು ನಿಲ್ದಾಣದಲ್ಲಿ ವೈಫೈ, ಕಾಫಿ ಅಂಗಡಿಯಲ್ಲಿ ವೈಫೈ. ನಾನು 2019ರಲ್ಲಿ 15 ದಿನ ಯುರೋಪ್ ಸುತ್ತಿದ್ದು ಹೀಗೆಯೇ. ಊರುಗಳ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿದ್ದೆ. ಜಿಪಿಎಸ್‌ಗೆ ಇಂಟರ್ನೆಟ್ ಬೇಡ, ಆಕಾಶ ಕಂಡರೆ ಸಾಕು.

ಕುಂದಾಪುರ ಕೋಳಿಸಾರು
ವೈಫೈಗಾಗಿ ಕುಡಿದ ಕಾಫಿಯ ಬಿಲ್ಲನ್ನೂ ಲೆಕ್ಕಕ್ಕೆ ಸೇರಿಸಿ ಹೇಳಿ.

ಹಂಪನಕಟ್ಟೆ ಸರ್ಕಲ್
ಕಾಫಿ ಹೇಗಿದ್ದರೂ ಕುಡಿಯುತ್ತೇನೆ.

ರಥಬೀದಿ ಮೊಬೈಲ್ ಅಂಗಡಿ
ಮೊದಲು ನಿಮ್ಮ ಮೂರೂ ಫೋನಿನಲ್ಲಿ *#06# ಒತ್ತಿ ನೋಡಿ. ಐಎಂಇಐ ಸಂಖ್ಯೆಗಳ ಜೊತೆಗೆ ಇಐಡಿ ಎಂಬ ಉದ್ದನೆಯ ಸಂಖ್ಯೆ ಕಂಡರೆ ಆ ಫೋನಿಗೆ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ಸಿಮ್, ಹಾಕಬಹುದು. ಐಫೋನ್ ಆದರೆ 2018ರ ಎಕ್ಸ್‌ಎಸ್, ಎಕ್ಸ್‌ಆರ್‌ನಿಂದ ಈಚೆಗಿನವುಗಳಲ್ಲಿ ಸಾಮಾನ್ಯವಾಗಿ ಉಂಟು. ಆಂಡ್ರಾಯ್ಡ್‌ನಲ್ಲಿ ಒಂದೇ ಕಂಪನಿಯ ಒಂದು ಮಾದರಿಯಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.

ಇನ್ನೊಂದು ವಿಷಯ. ಅಮೆರಿಕದಿಂದ ಅಣ್ಣನೋ ಅಕ್ಕನೋ ಕಳುಹಿಸಿಕೊಟ್ಟ ಫೋನ್ ಇದ್ದರೆ ಅದು ಅಲ್ಲಿನ ಕಂಪನಿಗೆ ಲಾಕ್ ಆಗಿದೆಯೇ ಎಂದು ಊರಲ್ಲೇ ಪರೀಕ್ಷಿಸಿ. ನನ್ನ ಅಂಗಡಿಗೆ ವಾರಕ್ಕೊಬ್ಬರಾದರೂ ಅಂಥ ಫೋನ್ ಹಿಡಿದುಕೊಂಡು ಬರುತ್ತಾರೆ.

ಯುರೋಪಿನ ಚಿಂತೆ ಬೇಡ. ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು, ಒಂದೇ ದೇಶ ಇದ್ದ ಹಾಗೆ. ಪ್ಯಾರಿಸ್‌ನಲ್ಲಿ ಒಂದು ಸಿಮ್ ತೆಗೆದುಕೊಂಡರೆ ಸ್ವಿಟ್ಜರ್ಲೆಂಡ್, ಇಟಲಿ ಎಲ್ಲವೂ ಅದರಲ್ಲೇ ಆಯಿತು.

ಮ್ಯೂನಿಕ್‌ನ ಮಣಿಪಾಲದವ
ಅಂಗಡಿಯವರೇ, ಕೊನೆಯ ಮಾತನ್ನು ದಯವಿಟ್ಟು ಹಿಂದೆಗೆದುಕೊಳ್ಳಿ. ಇದೇ ತಪ್ಪಿಗೆ ನಾನು ದಂಡ ತೆತ್ತವನು.

ವೀಸಾದ ಗಡಿ ಬೇರೆ, ಟವರ್‌ನ ಗಡಿ ಬೇರೆ. ಐರೋಪ್ಯ ಒಕ್ಕೂಟ 2017ರ ಜೂನ್ 15ರಂದು ರೋಮಿಂಗ್ ಶುಲ್ಕವನ್ನು ತೆಗೆದುಹಾಕಿತು. ಆ ನಿಯಮವನ್ನು 2022ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದರು. ಅದು ಒಕ್ಕೂಟದ 27 ದೇಶಗಳಿಗೂ ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್‌ಗೂ ಅನ್ವಯ. ಸ್ವಿಟ್ಜರ್ಲೆಂಡ್ ಷೆಂಗೆನ್ ವೀಸಾದ ಒಳಗೆ ಇದೆ, ಈ ನಿಯಮದ ಒಳಗೆ ಇಲ್ಲ. ಐರ್ಲೆಂಡ್ ಇದಕ್ಕೆ ತದ್ವಿರುದ್ಧ: ಷೆಂಗೆನ್ ಅಲ್ಲ, ಆದರೆ ರೋಮಿಂಗ್ ಉಚಿತ. ಬ್ರಿಟನ್ ಒಕ್ಕೂಟವನ್ನೇ ಬಿಟ್ಟುಹೋಯಿತು, ಹಾಗಾಗಿ ಅದೂ ಹೊರಗೆ. ನಿಮ್ಮ ಐದು ದೇಶಗಳಲ್ಲಿ ಈ ನಿಯಮ ನಡೆಯುವುದು ಫ್ರಾನ್ಸ್ ಮತ್ತು ಇಟಲಿಯಲ್ಲಿ ಮಾತ್ರ.

ನನ್ನ ಕಥೆ ಕೇಳಿ. ಮೊದಲ ವರ್ಷ ಜರ್ಮನಿಯ ಸಿಮ್ ಹಾಕಿಕೊಂಡು ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್‌ಗೆ ಹೋದೆ. ಯುಂಗ್‌ಫ್ರಾವ್‌ಯೋಖ್ ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ಅಷ್ಟು ಮೇಲೆ ಹಿಮ ಕಂಡ ಉಡುಪಿಯವನು ಏನು ಮಾಡುತ್ತಾನೆ? ಅಮ್ಮನಿಗೆ ವಿಡಿಯೊ ಕರೆ ಮಾಡುತ್ತಾನೆ. ನಾನೂ ಮಾಡಿದೆ. ಅಮ್ಮ ಪಕ್ಕದ ಮನೆಯವರನ್ನೂ ಕರೆದು ತೋರಿಸುತ್ತಿದ್ದರು, ಅಷ್ಟರಲ್ಲಿ ಕರೆ ಕಡಿಯಿತು. ಚಳಿಗೆ ಫೋನ್ ಸತ್ತಿತು ಎಂದುಕೊಂಡೆ. ಕೆಳಗಿಳಿದ ಮೇಲೆ ನೋಡಿದರೆ ಸಂದೇಶ ಬಂದಿತ್ತು. ಡೇಟಾ ಖರ್ಚು 50 ಯುರೊ ಮುಟ್ಟಿದರೆ ಕಂಪನಿಯವರು ತಾವಾಗಿಯೇ ನಿಲ್ಲಿಸಬೇಕು ಎಂಬ ನಿಯಮ ಇಲ್ಲಿದೆ, ಅದು ನನ್ನನ್ನು ಉಳಿಸಿತು. ಇಲ್ಲದಿದ್ದರೆ ಆ ತಿಂಗಳ ಬಾಡಿಗೆ ಹಿಮದಲ್ಲಿ ಕರಗುತ್ತಿತ್ತು.

ರಥಬೀದಿ ಮೊಬೈಲ್ ಅಂಗಡಿ
ಹಿಂದೆಗೆದುಕೊಂಡಿದ್ದೇನೆ. ಇಷ್ಟು ದಿನ ಎಷ್ಟು ಜನರಿಗೆ ಹೀಗೆ ಹೇಳಿ ಕಳುಹಿಸಿದೆನೋ, ನೆನೆದರೆ ಭಯವಾಗುತ್ತದೆ.

ಕುಂದಾಪುರ ಕೋಳಿಸಾರು
ಅವರು ಯಾರೂ ಇನ್ನೂ ವಾಪಸು ಬಂದಿಲ್ಲ, ಬಿಲ್ಲು ಕಟ್ಟುತ್ತಿದ್ದಾರೆ.

ಮ್ಯೂನಿಕ್‌ನ ಮಣಿಪಾಲದವ
ಗಡಿಯ ಹತ್ತಿರವೂ ಜಾಗ್ರತೆ. ಇಟಲಿಯ ಕೋಮೊದಲ್ಲಿ ಹೋಟೆಲಿದ್ದರೆ ಪಕ್ಕದಲ್ಲೇ ಕಿಯಾಸೊ, ಅದು ಸ್ವಿಟ್ಜರ್ಲೆಂಡ್. ನೀವು ಇಟಲಿಯ ಮಂಚದ ಮೇಲೆ ಮಲಗಿರುತ್ತೀರಿ, ಫೋನ್ ಸ್ವಿಸ್ ಟವರ್ ಹಿಡಿದುಕೊಂಡಿರುತ್ತದೆ. ಜಿನೀವಾ, ಬಾಸೆಲ್ ಸುತ್ತಮುತ್ತ ಫ್ರಾನ್ಸ್ ಕಡೆಯಲ್ಲೂ ಹೀಗೆಯೇ. ಅಂಥ ಕಡೆ ಸೆಟ್ಟಿಂಗ್‌ನಲ್ಲಿ ಸ್ವಯಂಚಾಲಿತ ಆಯ್ಕೆಯನ್ನು ತೆಗೆದು ನೆಟ್‌ವರ್ಕನ್ನು ಕೈಯಾರೆ ಆರಿಸಿಕೊಳ್ಳಿ.

ಅಬುಧಾಬಿ ಅಳಿಯ
ಯುರೋಪಿನ ಮಾತು ನೀವು ಮುಂದುವರಿಸಿ. ನಾನು ಮೊದಲ ನಾಲ್ಕು ದಿನದ ಬಗ್ಗೆ ಹೇಳುತ್ತೇನೆ, ಏಕೆಂದರೆ ಅತ್ತೆಯವರ ಕರೆ ಮೊದಲು ಕೆಡುವುದು ಇಲ್ಲಿ. ಯುಎಇಯಲ್ಲಿ ವಾಟ್ಸ್‌ಆಪ್ ಸಂದೇಶ ಹೋಗುತ್ತದೆ, ಬರುತ್ತದೆ. ಧ್ವನಿ ಕರೆ, ವಿಡಿಯೊ ಕರೆ ನಡೆಯುವುದಿಲ್ಲ. ಮೈದುನನ ಮನೆಯ ವೈಫೈ ಎಷ್ಟೇ ವೇಗದ್ದಾಗಿದ್ದರೂ ಅಷ್ಟೇ. ಇಲ್ಲಿರುವ ನಾವೆಲ್ಲ ಬೋಟಿಮ್ ಎಂಬ ಕರೆಯ ಆಪ್ ಬಳಸುತ್ತೇವೆ. ಕಾರ್ಕಳದಲ್ಲಿರುವ ನಿಮ್ಮ ನಾದಿನಿಯ ಫೋನಿಗೂ ಈಗಲೇ ಹಾಕಿಸಿ, ಒಮ್ಮೆ ಕರೆ ಮಾಡಿ ಅಭ್ಯಾಸ ಮಾಡಿಸಿ. ಜೂಮ್, ಟೀಮ್ಸ್ ಕೂಡ ನಡೆಯುತ್ತವೆ.

ಇಂಥ ತಡೆಯನ್ನು ದಾಟಿಸುವ ವಿಪಿಎನ್ ಆಪ್ ಹಾಕಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ನಿಷೇಧವನ್ನು ತಪ್ಪಿಸಲು ವಿಪಿಎನ್ ಬಳಸಿ ಸಿಕ್ಕಿಬಿದ್ದರೆ ಇಲ್ಲಿನ ಕಾನೂನಿನಲ್ಲಿ ದಂಡ 5 ಲಕ್ಷ ದಿರ್ಹಮ್‌ನಿಂದ ಶುರುವಾಗುತ್ತದೆ. ಎಲ್ಲರೂ ಬಳಸುತ್ತಾರೆ ಎಂಬ ವಾದ ಇಲ್ಲಿಯೂ ಕೇಳಿಬರುತ್ತದೆ. ಹೆಲ್ಮೆಟ್ ಇಲ್ಲದೆ ಮಂಗಳೂರಿನ ಪಂಪ್‌ವೆಲ್ ವೃತ್ತ ದಾಟುವವರು ಹೇಳುವುದೂ ಅದನ್ನೇ.

ಟವರ್ ಕೆಳಗಿನವ
ಹಿಂದಿನವರು ಹೇಳಿದ್ದಕ್ಕೆ ಒಂದು ಸಣ್ಣ ತಿದ್ದುಪಡಿ. ಇಪ್ಪತ್ತು ವರ್ಷ ಇದೇ ಕ್ಷೇತ್ರದಲ್ಲಿ ದುಡಿದವನು ನಾನು, ಆದ್ದರಿಂದ ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ನೀವು ರೋಮಿಂಗ್‌ನಲ್ಲಿದ್ದಾಗ ಅಲ್ಲಿನ ಟವರ್ ನಿಮ್ಮ ಡೇಟಾವನ್ನು ಹೊತ್ತುಕೊಂಡು ಹೋಗುತ್ತದೆಯೇ ಹೊರತು ಇಂಟರ್ನೆಟ್‌ನ ಬಾಗಿಲು ಅಲ್ಲಿ ತೆರೆಯಬೇಕೆಂದಿಲ್ಲ. ಸಾಮಾನ್ಯವಾಗಿ ಅದು ಸಿಮ್‌ನ ತವರು ದೇಶಕ್ಕೆ ಹೋಗಿ, ಅಲ್ಲಿಂದ ಹೊರಬೀಳುತ್ತದೆ. ಇದರಿಂದ ಒಂದು ನಷ್ಟ, ಒಂದು ಲಾಭ. ನಷ್ಟವೆಂದರೆ ವಿಳಂಬ: ಪ್ಯಾರಿಸ್‌ನಲ್ಲಿ ನಿಂತು ಪ್ಯಾರಿಸ್‌ನದೇ ಹೋಟೆಲಿನ ಪುಟ ತೆರೆದರೂ ಅದು ಮುಂಬೈಗೋ ಸಿಂಗಾಪುರಕ್ಕೋ ಹೋಗಿ ಬರುತ್ತದೆ. ಲಾಭವೆಂದರೆ ಸ್ಥಳೀಯ ಅಡ್ಡಿಗಳು ತಟ್ಟುವುದು ಕಡಿಮೆ. ಚೀನಾದಲ್ಲಿ ಅಲ್ಲಿನ ಸಿಮ್ ಹಾಕಿದವರಿಗೆ ಗೂಗಲ್ ತೆರೆಯುವುದಿಲ್ಲ, ಭಾರತದ ಸಿಮ್‌ನಲ್ಲಿ ರೋಮಿಂಗ್ ಮಾಡುವವರಿಗೆ ತೆರೆಯುತ್ತದೆ. ಯುಎಇಯಲ್ಲೂ ರೋಮಿಂಗ್ ಡೇಟಾದಲ್ಲಿ ವಾಟ್ಸ್‌ಆಪ್ ಕರೆ ನಡೆಯಬಹುದು, ಆದರೆ ಖಾತರಿ ಇಲ್ಲ. ಆದ್ದರಿಂದ ಬೋಟಿಮ್ ಇರಲಿ.

ಈಗ ಇ-ಸಿಮ್ ವಿಚಾರ. ಪ್ರವಾಸಿಗರಿಗೆ ಮಾರುವ ಇ-ಸಿಮ್‌ಗಳು ಹೆಚ್ಚಿನವು ಬರೀ ಡೇಟಾ, ಫೋನ್ ನಂಬರ್ ಇರುವುದಿಲ್ಲ. ನಿಮಗೆ ಅದು ತೊಂದರೆಯಲ್ಲ. ವಾಟ್ಸ್‌ಆಪ್ ನಿಮ್ಮ ಹಳೆಯ ನಂಬರಿನಲ್ಲೇ ಮುಂದುವರಿಯುತ್ತದೆ, “ನಂಬರ್ ಬದಲಾಯಿಸುವುದೇ?” ಎಂದು ಅದು ಕೇಳಿದರೆ ಬೇಡ ಎನ್ನಿ. ಕೊಳ್ಳುವಾಗ “ಯುರೋಪ್” ಎಂಬ ಹಣೆಪಟ್ಟಿಯನ್ನು ನಂಬದೆ ಒಳಗಿನ ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್, ಬ್ರಿಟನ್ ಎರಡೂ ಇವೆಯೇ ಎಂದು ಬೆರಳಿಟ್ಟು ನೋಡಿ. ಬಹಳಷ್ಟರಲ್ಲಿ ಇರುತ್ತವೆ, ಕೆಲವರು ಬಿಟ್ಟಿರುತ್ತಾರೆ. ಮನೆಯ ವೈಫೈ ಇರುವಾಗಲೇ ಫೋನಿಗೆ ಇಳಿಸಿಕೊಳ್ಳಿ, ಏಕೆಂದರೆ ಇ-ಸಿಮ್ ಇಳಿಸಿಕೊಳ್ಳುವುದಕ್ಕೂ ಇಂಟರ್ನೆಟ್ ಬೇಕು. ಬಾವಿ ತೋಡುವವನಿಗೆ ಮೊದಲು ನೀರು ಕೊಡಬೇಕಾದ ಹಾಗೆ.

ಇನ್ನು ಎಲ್ಲರೂ ಎಡವುವ ಜಾಗ. ಫೋನಿನಲ್ಲಿ ಎರಡು ಸಿಮ್ ಇರುತ್ತವೆ. ಭಾರತದ ಸಿಮ್‌ನಲ್ಲಿ “ಡೇಟಾ ರೋಮಿಂಗ್” ಆಫ್ ಇರಬೇಕು. ಹೊಸ ಇ-ಸಿಮ್‌ನಲ್ಲಿ “ಡೇಟಾ ರೋಮಿಂಗ್” ಆನ್ ಇರಬೇಕು, ಯಾಕೆಂದರೆ ಆ ಸಿಮ್ ಕೂಡ ಆ ದೇಶದಲ್ಲಿ ಅತಿಥಿಯೇ. ಇದನ್ನು ತಿರುವುಮುರುವಾಗಿ ಮಾಡಿದವರೇ “ಇ-ಸಿಮ್ ಮೋಸ” ಎಂದು ಬರೆಯುತ್ತಾರೆ. ಐಫೋನಿನಲ್ಲಿ, ಒಂದು ಸಿಮ್‌ನ ಸಿಗ್ನಲ್ ಕುಗ್ಗಿದರೆ ಇನ್ನೊಂದರ ಡೇಟಾ ಬಳಸಲು ಅನುಮತಿ ಕೊಡುವ ಒಂದು ಗುಂಡಿ ಉಂಟು. ಅದನ್ನೂ ಆಫ್ ಮಾಡಿ.

ಕಾಪು ದೀಪಸ್ತಂಭ
ಇದನ್ನು ಮೂರು ಸಲ ಓದಿದೆ. ಭಾರತದ್ದು ಆಫ್, ಹೊಸದು ಆನ್. ಫ್ರಿಜ್ ಮೇಲೆ ಬರೆದು ಅಂಟಿಸಿದ್ದೇನೆ. ಹಾಗಾದರೆ ಒಟಿಪಿ? ಭಾರತದ ಸಿಮ್ ಆಫ್ ಮಾಡಿದರೆ ಅದು ಬರುವುದು ಹೇಗೆ?

ಟವರ್ ಕೆಳಗಿನವ
ಸಿಮ್ ಆಫ್ ಅಲ್ಲ ಮೇಡಂ, ಅದರ ಡೇಟಾ ಮಾತ್ರ ಆಫ್. ಸಿಮ್ ಜೀವಂತವಾಗಿದ್ದರೆ ಎಸ್ಸೆಮ್ಮೆಸ್ ಬರುತ್ತದೆ. ಆದರೆ ಹೊರಡುವ ಮೊದಲೇ ನಿಮ್ಮ ಕಂಪನಿಯ ಆಪ್‌ನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯ ಚಾಲೂ ಇದೆಯೇ ನೋಡಿ. ಆ ಸಿಮ್‌ಗೆ ಬರುವ ಕರೆ ಎತ್ತಬೇಡಿ, ಎತ್ತಿದರೆ ಹಣ ಹೋಗುತ್ತದೆ. ಅದನ್ನು ಫೋನಿನಿಂದ ತೆಗೆದಿಡಬೇಡಿ ಕೂಡ. ಸಿಮ್ ಕಾಣದಿದ್ದರೆ ಕೆಲವು ಬ್ಯಾಂಕ್ ಆಪ್‌ಗಳು ತಗಾದೆ ತೆಗೆಯುತ್ತವೆ.

ಹಂಪನಕಟ್ಟೆ ಸರ್ಕಲ್
ಇಷ್ಟೆಲ್ಲ ಆನ್, ಆಫ್ ಮಾಡುವುದಕ್ಕಿಂತ ಹೋಟೆಲ್ ವೈಫೈ ಸುಲಭ ಎಂದು ಮತ್ತೊಮ್ಮೆ ಹೇಳುತ್ತೇನೆ. ಒಬ್ಬ ಮನುಷ್ಯನಿಗೆ ರಸ್ತೆಯಲ್ಲಿ ನಡೆಯುವಾಗ ಇಂಟರ್ನೆಟ್ ಯಾಕೆ ಬೇಕು?

ಮ್ಯೂನಿಕ್‌ನ ಮಣಿಪಾಲದವ
ಹೋಟೆಲ್ ಎಲ್ಲಿದೆ ಎಂದು ಹುಡುಕುವುದಕ್ಕೆ.

ಹಡಗಿನ ಅಡುಗೆಯವ
ಹನ್ನೊಂದು ವರ್ಷ ಕ್ರೂಸ್ ಹಡಗಿನಲ್ಲಿ ಅಡುಗೆ ಮಾಡಿದವನು ನಾನು. ಹಡಗು ತೀರ ಬಿಟ್ಟು ದೂರ ಹೋದ ಮೇಲೆ ಅದರೊಳಗೇ ಒಂದು ಟವರ್ ಎದ್ದು ಕೂರುತ್ತದೆ. ನಿಮ್ಮ ಫೋನ್ ಅದನ್ನು ಯಾವುದೋ ಊರಿನ ಟವರ್ ಎಂದುಕೊಂಡು ಖುಷಿಯಿಂದ ಹಿಡಿದುಕೊಳ್ಳುತ್ತದೆ. ಆ ಸಿಗ್ನಲ್ ಹೋಗುವುದು ಉಪಗ್ರಹದ ಮೂಲಕ, ದರವೂ ಆಕಾಶದಲ್ಲೇ. ಸಾಮಾನ್ಯ ರೋಮಿಂಗ್ ಪ್ಯಾಕ್, ಯುರೋಪ್ ಸಿಮ್ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ. ಹೊಸದಾಗಿ ಸೇರಿದ ಹುಡುಗರಿಗೆ ನಾನು ಈರುಳ್ಳಿ ಹೆಚ್ಚುವುದನ್ನು ಕಲಿಸುವ ಮೊದಲು ಕಲಿಸುತ್ತಿದ್ದದ್ದು ಏರೋಪ್ಲೇನ್ ಮೋಡ್. ವಿಮಾನದಲ್ಲೂ ಅಷ್ಟೇ. ಬಜ್ಪೆಯಲ್ಲಿ ಹತ್ತುವಾಗ ಹಾಕಿದರೆ ಇಳಿದ ಮೇಲೆಯೇ ತೆಗೆಯಿರಿ.

ನಮಗೆ ಬಂದರು ಬಂತೆಂದರೆ ಊರು ನೋಡುವುದಲ್ಲ, ವೈಫೈ ಹುಡುಕುವುದೇ ಕೆಲಸ. ಬಾರ್ಸಿಲೋನಾದಲ್ಲಿ ಏನೇನು ಉಂಟು ಎಂದು ಕೇಳಬೇಡಿ. ಬಂದರಿನ ಎದುರು ಯಾವ ಅಂಗಡಿಯ ಮೆಟ್ಟಿಲಿನ ಮೇಲೆ ಸಿಗ್ನಲ್ ಸಿಗುತ್ತದೆ ಎಂದು ಬೇಕಾದರೆ ಹೇಳುತ್ತೇನೆ. ಮಗಳು ಮೊದಲ ಸಲ ನಡೆದದ್ದನ್ನು ನಾನು ನೋಡಿದ್ದು ಆ ಮೆಟ್ಟಿಲಿನ ಮೇಲೆ ಕೂತು.

ಕದ್ರಿ ಟೀಚರ್
ಹಡಗಿನವರ ಮಾತು ಓದಿ ಹಳೆಯದು ನೆನಪಾಯಿತು, ವಿಷಯಾಂತರವಾದರೆ ಬೈಯಬೇಡಿ. ನಮ್ಮ ಮನೆಯವರು ಬಹರೇನ್‌ನಲ್ಲಿದ್ದಾಗ ಫೋನ್ ಎಂದರೆ ಎಸ್‌ಟಿಡಿ ಬೂತ್. ಗಾಜಿನ ಪೆಟ್ಟಿಗೆಯೊಳಗೆ ನಿಂತು ಮಾತನಾಡುವಾಗ ಕಣ್ಣೆಲ್ಲ ಮೀಟರಿನ ಕೆಂಪು ಅಂಕಿಗಳ ಮೇಲೆ. “ಹೇಗಿದ್ದೀರಿ” ಎನ್ನುವಷ್ಟರಲ್ಲಿ ಎದೆ ಡವಡವ. ಅದಕ್ಕೇ ಕ್ಯಾಸೆಟ್ ಕಳುಹಿಸುತ್ತಿದ್ದೆವು. ಊರಿಗೆ ಬಂದವರು ವಾಪಸು ಹೋಗುವಾಗ ಉಪ್ಪಿನಕಾಯಿ, ಹಪ್ಪಳದ ಜೊತೆ ಒಂದು ಕ್ಯಾಸೆಟ್. ಅದರಲ್ಲಿ ನಾನು ಮಾತನಾಡಿದ್ದಕ್ಕಿಂತ ಹಿಂದೆ ಕೋಳಿ ಕೂಗಿದ್ದು, ಮಳೆ ಸುರಿದದ್ದೇ ಹೆಚ್ಚು. ಅವರು ಅಲ್ಲಿ ಅದನ್ನೇ ಹಾಕಿ ಹಾಕಿ ಕೇಳುತ್ತಿದ್ದರಂತೆ, ಮಳೆಯ ಭಾಗವನ್ನು.

ಅತ್ತೆಯವರು ದನ ನೋಡಬೇಕು ಎನ್ನುವುದರಲ್ಲಿ ತಪ್ಪೇನಿಲ್ಲ.

ಅಬುಧಾಬಿ ಅಳಿಯ
ಟೀಚರ್, ನಮ್ಮ ಮನೆಯಲ್ಲಿ ಅಂಥ ಒಂದು ಕ್ಯಾಸೆಟ್ ಈಗಲೂ ಉಂಟು. ಹಾಕಿ ಕೇಳಲು ಯಂತ್ರವೇ ಇಲ್ಲ.

ರಥಬೀದಿ ಮೊಬೈಲ್ ಅಂಗಡಿ
ತನ್ನಿ. ಮೇಲಿನ ಕಪಾಟಿನಲ್ಲಿ ಒಂದು ಟೇಪ್ ರೆಕಾರ್ಡರ್ ಬಿದ್ದುಕೊಂಡಿದೆ, ನಡೆದೀತು.

ಕುಂದಾಪುರ ಕೋಳಿಸಾರು
ಸರಿ, ಎಷ್ಟು ಜಿಬಿ ಬೇಕು ಎಂದು ಯಾರೂ ಹೇಳಲಿಲ್ಲ. ಏಜೆಂಟರನ್ನು ಕೇಳಿದರೆ ಅನಿಯಮಿತ ಎನ್ನುತ್ತಾರೆ.

ಟವರ್ ಕೆಳಗಿನವ
ಅನಿಯಮಿತ ಎಂದು ಮಾರುವ ಬಹಳಷ್ಟು ಪ್ಯಾಕ್‌ಗಳಲ್ಲಿ ದಿನಕ್ಕೆ ಇಷ್ಟು ಎಂಬ ಮಿತಿ ಸಣ್ಣ ಅಕ್ಷರದಲ್ಲಿರುತ್ತದೆ, ದಾಟಿದರೆ ವೇಗ ಬಸವನಹುಳು. ನಿಮ್ಮ ಫೋನಿನ ಸೆಟ್ಟಿಂಗ್‌ನಲ್ಲೇ ಕಳೆದ ತಿಂಗಳು ಎಷ್ಟು ಡೇಟಾ ಬಳಸಿದಿರಿ, ಯಾವ ಆಪ್ ಎಷ್ಟು ತಿಂದಿತು ಎಂಬ ಲೆಕ್ಕವಿದೆ. ನನ್ನ ಫೋನಿನಲ್ಲಿ ಅರ್ಧ ಗಂಟೆಯ ವಾಟ್ಸ್‌ಆಪ್ ವಿಡಿಯೊ ಕರೆಗೆ ಹತ್ತಿರ ಹತ್ತಿರ 150 ಎಂಬಿ ಹೋಗುತ್ತದೆ. ನಕ್ಷೆ, ಸಂದೇಶಕ್ಕೆ ಚಿಲ್ಲರೆ. ನಿಜವಾದ ಹೊಟ್ಟೆಬಾಕರು ಬೇರೆ: ಕುಟುಂಬದ ಗುಂಪುಗಳ ಶುಭೋದಯ ವಿಡಿಯೊಗಳು ತಾವಾಗಿ ಇಳಿಯುವುದು, ತೆಗೆದ ಫೋಟೊಗಳು ತಾವಾಗಿ ಕ್ಲೌಡ್‌ಗೆ ಏರುವುದು, ಆಪ್‌ಗಳು ಹೊಸದಾಗುವುದು. ಈ ಮೂರನ್ನೂ ವೈಫೈಗೆ ಮಾತ್ರ ಎಂದು ಕಟ್ಟಿಹಾಕಿ. ಯಜಮಾನರ ಒಂದೇ ಫೋನಿಗೆ ಇ-ಸಿಮ್ ಹಾಕಿ, ಉಳಿದ ಇಬ್ಬರಿಗೆ ಹಾಟ್‌ಸ್ಪಾಟ್ ಕೊಟ್ಟರೆ 20 ಜಿಬಿ ಧಾರಾಳ.

ಹಂಪನಕಟ್ಟೆ ಸರ್ಕಲ್
10 ಸಾಕು. ಹೋಟೆಲಿನಲ್ಲಿ ವೈಫೈ ಇರುತ್ತದಲ್ಲ.

ಮ್ಯೂನಿಕ್‌ನ ಮಣಿಪಾಲದವ
ಲಂಡನ್ನಿಗೆ ಬೇರೆ ವ್ಯವಸ್ಥೆಯೂ ಸಾಧ್ಯ. ಬ್ರಿಟನ್ನಿನಲ್ಲಿ ಪ್ರಿಪೇಯ್ಡ್ ಸಿಮ್‌ಗೆ ಪಾಸ್‌ಪೋರ್ಟ್ ಕೇಳುವುದಿಲ್ಲ, ಮಗಳು ಅಂಗಡಿಯಿಂದ ತಂದಿಟ್ಟಿರಬಹುದು. ಜರ್ಮನಿಯಲ್ಲಿ 2017ರಿಂದ ಗುರುತುಪತ್ರ ತೋರಿಸದೆ ಸಿಮ್ ಚಾಲೂ ಆಗುವುದಿಲ್ಲ.

ಹಾಟ್‌ಸ್ಪಾಟ್ ಬಗ್ಗೆ ಮಾತ್ರ ನನಗೆ ಅನುಮಾನ. ಮೂವರೂ ದಿನವಿಡೀ ಒಟ್ಟಿಗೆ ಇರುತ್ತೀರಾ?

ಕಾಪು ದೀಪಸ್ತಂಭ
ಅತ್ತೆ ಇರುವಾಗ ಯಾರು ತಪ್ಪಿಸಿಕೊಳ್ಳುತ್ತಾರೆ?

ಕದ್ರಿ ಟೀಚರ್
ಆದರೂ ಒಂದು ಮಾತು ಇಟ್ಟುಕೊಳ್ಳಿ. ನಾವು ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆ ಕರೆದುಕೊಂಡು ಹೋಗುವಾಗ ಹೇಳುತ್ತಿದ್ದೆವು: ದಾರಿ ತಪ್ಪಿದರೆ ಹುಡುಕಬೇಡ, ಕೊನೆಗೆ ಎಲ್ಲಿ ಒಟ್ಟಿಗಿದ್ದೆವೋ ಅಲ್ಲೇ ನಿಲ್ಲು. ಮತ್ತೆ ಹೋಟೆಲಿನ ವಿಳಾಸದ ಚೀಟಿ ಮೂವರ ಕಿಸೆಯಲ್ಲೂ ಇರಲಿ.

ಹಡಗಿನ ಅಡುಗೆಯವ
ಅಲ್ಲಿ ಯುಪಿಐ ನಡೆಯುತ್ತದೆಯೇ ಎಂದು ನಮ್ಮ ಭಾವ ಕೇಳುತ್ತಿದ್ದಾರೆ. ಯಾರಿಗಾದರೂ ಗೊತ್ತೇ?

ಮ್ಯೂನಿಕ್‌ನ ಮಣಿಪಾಲದವ
2024ರ ಫೆಬ್ರುವರಿಯಲ್ಲಿ ಐಫೆಲ್ ಗೋಪುರದ ಟಿಕೆಟ್‌ಗೆ ಶುರುವಾಯಿತು. ಹಾಗೆಂದು ಪ್ಯಾರಿಸ್‌ನ ಬೇಕರಿಯಲ್ಲಿ ಫೋನ್ ಚಾಚಿದರೆ ನಿಮ್ಮ ಮುಖ ನೋಡುತ್ತಾರೆ.

(ಐದು ವಾರಗಳ ನಂತರ)

ಕಾಪು ದೀಪಸ್ತಂಭ
ಬಂದೆವು. ಇಷ್ಟು ಜನ ಸಮಯ ಕೊಟ್ಟಿದ್ದೀರಿ, ಏನಾಯಿತೆಂದು ಹೇಳದಿದ್ದರೆ ಸರಿಯಲ್ಲ.

ಏಜೆಂಟರ ಮೂರು ಸಿಮ್ ಬಿಟ್ಟೆವು. ಯಜಮಾನರ ಫೋನಿಗೆ ಸ್ವಿಟ್ಜರ್ಲೆಂಡ್, ಬ್ರಿಟನ್ ಎರಡೂ ಸೇರಿದ 20 ಜಿಬಿಯ ಒಂದು ಇ-ಸಿಮ್, ಮೂವತ್ತು ದಿನದ್ದು. ಮೊದಲಿನ ಲೆಕ್ಕದ ಕಾಲು ಭಾಗವೂ ಖರ್ಚಾಗಲಿಲ್ಲ. ಅಬುಧಾಬಿಯಲ್ಲಿ ಮೈದುನನ ವೈಫೈ, ಬೋಟಿಮ್. ಮೊದಲ ದಿನ ನಾದಿನಿ ಕ್ಯಾಮೆರಾವನ್ನು ತಿರುಗಿಸದೆ ತನ್ನ ಮುಖವನ್ನೇ ತೋರಿಸಿದಳು, ಅತ್ತೆ “ನಿನ್ನನ್ನಲ್ಲ, ದನವನ್ನು ತೋರಿಸು” ಎಂದರು.

ಪ್ಯಾರಿಸ್‌ನಲ್ಲಿ ಇಳಿದಾಗ ಇಂಟರ್ನೆಟ್ ಬರಲಿಲ್ಲ. ಯಜಮಾನರು “ನಿನ್ನ ಚರ್ಚೆಯವರನ್ನು ನಂಬಿ ಕೆಟ್ಟೆವು” ಎಂದು ಶುರು ಮಾಡಿದರು. ಫ್ರಿಜ್ ಮೇಲಿನ ಚೀಟಿಯ ಫೋಟೊ ನನ್ನ ಬಳಿ ಇತ್ತು. ನೋಡಿದರೆ ಎರಡೂ ಸಿಮ್‌ನಲ್ಲಿ ರೋಮಿಂಗ್ ಆಫ್ ಮಾಡಿ ಕೂತಿದ್ದರು. ಹೊಸದನ್ನು ಆನ್ ಮಾಡಿದ ಅರ್ಧ ನಿಮಿಷಕ್ಕೆ ಬಂತು.

ಮಣಿಪಾಲದವರ ಅನುಮಾನ ನಿಜವಾದದ್ದು ಮಿಲಾನ್ ಸೆಂಟ್ರಾಲೆಯಲ್ಲಿ. ಯಜಮಾನರು ಶೌಚಾಲಯ ಹುಡುಕಿಕೊಂಡು ಹೋದರು, ಹಾಟ್‌ಸ್ಪಾಟ್ ಅವರ ಕಿಸೆಯಲ್ಲೇ ಹೋಯಿತು. ಆ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್‌ಗಳೇ 24. ಇಪ್ಪತ್ತು ನಿಮಿಷವಾದರೂ ಮನುಷ್ಯ ಇಲ್ಲ, ನಮ್ಮ ರೈಲಿನ ಹೆಸರು ಫಲಕದಲ್ಲಿ ಮೇಲೇರುತ್ತಿದೆ. ನಾನು ಹುಡುಕಲು ಹೊರಟೆ. ಅತ್ತೆ ಸೂಟ್‌ಕೇಸಿನ ಮೇಲೆ ಕೂತು ನನ್ನ ಸೆರಗು ಹಿಡಿದರು: “ಟೀಚರ್ ಏನು ಹೇಳಿದ್ದು? ನಿಲ್ಲು.” ಇವರು ಬಂದರು, ಬೇರೆ ತುದಿಯಿಂದ, ಬೆವರಿಕೊಂಡು. ರೈಲು ಸಿಕ್ಕಿತು. ರೋಮ್‌ನಲ್ಲಿ ನನ್ನ ಫೋನಿಗೂ ಒಂದು ಸಣ್ಣ ಇ-ಸಿಮ್ ಹಾಕಿಸಿಕೊಂಡೆ. ಇನ್ನೊಮ್ಮೆ ಹೋಗುವವರು ಕನಿಷ್ಠ ಇಬ್ಬರ ಬಳಿ ಇಟ್ಟುಕೊಳ್ಳಿ.

ಕದ್ರಿ ಟೀಚರ್
ಅತ್ತೆಯವರಿಗೆ ನೂರಕ್ಕೆ ನೂರು ಅಂಕ.

ಮ್ಯೂನಿಕ್‌ನ ಮಣಿಪಾಲದವ
ಹಿಮದ ಮೇಲಿನಿಂದ ವಿಡಿಯೊ ಕರೆ ಮಾಡಿದರೇ?

ಕಾಪು ದೀಪಸ್ತಂಭ
ನಲವತ್ತು ನಿಮಿಷ. ಕಾರ್ಕಳದಲ್ಲಿ ಇಡೀ ಓಣಿ ಸೇರಿತ್ತು.

ಹಂಪನಕಟ್ಟೆ ಸರ್ಕಲ್
20 ಜಿಬಿಯಲ್ಲಿ ಕೊನೆಗೆ ಎಷ್ಟು ಉಳಿಯಿತು? ನಿಜ ಹೇಳಿ.

ಕಾಪು ದೀಪಸ್ತಂಭ
11.

ಹಂಪನಕಟ್ಟೆ ಸರ್ಕಲ್
10 ಸಾಕು ಎಂದು ಹೇಳಿದ್ದೆನಲ್ಲ.

ಕಾಪು ದೀಪಸ್ತಂಭ
ಅತ್ತೆ ಕೇಳುತ್ತಿದ್ದಾರೆ, ಹಣ ಕೊಟ್ಟು ತೆಗೆದುಕೊಂಡದ್ದು, ಉಳಿದ 11ನ್ನು ನಾದಿನಿಗೆ ಕೊಡಲು ಬರುತ್ತದೆಯೇ ಎಂದು. ಟವರ್ ಕೆಳಗಿನವರೇ, ನೀವೇ ಉತ್ತರ ಕೊಡಿ, ನನ್ನ ಮಾತನ್ನು ನಂಬುತ್ತಿಲ್ಲ.